ಥಮುಗಾದಿ: ಅಳಿದ ನಗರ, ಉಳಿದ ಪೀಠನಾಮ

ಅಲ್ಜೀರಿಯ ದೇಶದ ಔರೆಸ್ ಪರ್ವತಗಳ ಉತ್ತರದ ತಪ್ಪಲಿನಲ್ಲಿ ಇಂದು ತಿಮ್ಗಾದ್ ಎನಿಸಿಕೊಳ್ಳುವ ಪಾಳುನಗರವೇ ರೋಮನ್ನರ ಥಮುಗಾದಿ. ಅಲ್ಲಿ ಈಗ ಕ್ರೈಸ್ತ ಸಮುದಾಯವಿಲ್ಲ. ಆದರೂ ಕ್ಯಾಥೊಲಿಕ್ ಧರ್ಮಸಭೆಯ ಪಟ್ಟಿಯಲ್ಲಿ ಆ ಹೆಸರಿನ ಬಿಷಪ್ ಪೀಠವೊಂದುಂಟು. ಈ ಹೆಸರಿನ ಉಳಿವನ್ನು ಚಾರಿತ್ರಿಕ ಅವಿಚ್ಛಿನ್ನತೆಗೆ ಪ್ರಮಾಣವೆಂದು ಗಣಿಸಬಹುದೆ ಎಂಬುದನ್ನು ನಾವಿಲ್ಲಿ ವಿಚಾರ ಮಾಡುತ್ತೇವೆ.

ಚಕ್ರವರ್ತಿ ಟ್ರಾಜನನು ಕ್ರಿ.ಶ. 100ರಲ್ಲಿ, ಮುಖ್ಯವಾಗಿ ಸೈನ್ಯದಿಂದ ನಿವೃತ್ತರಾದ ಯೋಧರಿಗಾಗಿ, ಈ ನಗರವನ್ನು ಸ್ಥಾಪಿಸಿದನು. ಚದುರಂಗದ ಹಾಸಿನಂತೆ ಬೀದಿಗಳನ್ನು ಎಳೆದ ಇದರ ವಿನ್ಯಾಸ ಪ್ರಸಿದ್ಧವಾದುದು. ರಂಗಮಂದಿರ, ಸ್ನಾನಗೃಹಗಳಲ್ಲದೆ, ಶಾಸನೋಕ್ತವಾದ 4,00,000 ಸೆಸ್ಟರ್ಸ್ ನಾಣ್ಯಗಳ ದಾನದಿಂದ ನಿರ್ಮಿತವಾದ ಗ್ರಂಥಾಲಯವೂ ಇಲ್ಲಿತ್ತು.

256ರ ಕಾರ್ಥೇಜ್ ಧರ್ಮಸಮ್ಮೇಳನದಲ್ಲಿ ಇಲ್ಲಿಯ ಬಿಷಪ್ ನೊವೇಟಸನು ಪಾಲ್ಗೊಂಡಿದ್ದನು. ನಾಲ್ಕನೆಯ ಶತಮಾನದಲ್ಲಾದರೋ ನಗರವು ಡೊನಾಟಿಸ್ಟ್ ಪಂಥದ ಭದ್ರ ನೆಲೆಯಾಯಿತು. ರಾಜಪೀಡನೆಗೆ ಅಂಜಿ ಧರ್ಮಗ್ರಂಥಗಳನ್ನು ಒಪ್ಪಿಸಿದ ಪುರೋಹಿತರ ಸಂಸ್ಕಾರಗಳು ಅಸಿಂಧುವೆಂಬುದು ಈ ಪಂಥದ ವಾದ. ಇಲ್ಲಿಯ ಡೊನಾಟಿಸ್ಟ್ ಬಿಷಪ್ ಆಪ್ಟೇಟಸನು ದಂಗೆಯೆದ್ದ ಗಿಲ್ಡೋ ಎಂಬ ಸೇನಾಧಿಪತಿಯ ಪಕ್ಷ ವಹಿಸಿ, 398ರಲ್ಲಿ ಆತನು ಸೋತ ತರುವಾಯ ಸೆರೆಯಲ್ಲಿ ಮೃತನಾದನು. ಸುಮಾರು 420ರಲ್ಲಿ ಚರ್ಚನ್ನು ಕ್ಯಾಥೊಲಿಕರಿಗೆ ಬಿಟ್ಟುಕೊಡಬೇಕೆಂಬ ಒತ್ತಾಯ ಬಂದಾಗ, ಬಿಷಪ್ ಗೌಡೆಂಟಿಯಸನು ತನ್ನವರೊಡನೆ ಅದರೊಳಗೆ ಅಗ್ನಿಗಾಹುತಿಯಾಗುವೆನೆಂದು ಬೆದರಿಸಿದನು. ಅವನನ್ನು ಖಂಡಿಸಿ ಸಂತ ಅಗಸ್ಟೀನನು ಗ್ರಂಥವನ್ನೇ ಬರೆದನು.

ಐದನೆಯ ಶತಮಾನದ ಕೊನೆಗೆ ನಗರವು ಧ್ವಂಸವಾಯಿತು. 539ರಲ್ಲಿ ಬೈಜಾಂಟಿಯಂನ ಸೇನಾನಿ ಸೊಲೊಮನ್ನನು ಪಕ್ಕದಲ್ಲಿ ಕೋಟೆ ಕಟ್ಟಿಸಿದನು. ಹಳೆಯ ಕಟ್ಟಡಗಳ ಕಲ್ಲುಗಳೇ ಅದಕ್ಕೆ ಒದಗಿದವು. ಕಾಲಕ್ರಮದಲ್ಲಿ ಜನವಸತಿ ಅಳಿದು ಮರಳು ಆವರಿಸಿತು. 1881ರಲ್ಲಿ ಉತ್ಖನನ ಆರಂಭವಾಯಿತು.

ಹಾಗಾದರೆ ಪೀಠನಾಮವು ಉಳಿದುದೇಕೆ? ನಿರ್ದಿಷ್ಟ ಸ್ಥಾನವಿಲ್ಲದೆ ಯಾರಿಗೂ ದೀಕ್ಷೆ ಸಲ್ಲದೆಂದು 451ರ ಚಾಲ್ಸಿಡನ್ ಧರ್ಮಸಮ್ಮೇಳನ ವಿಧಿಸಿತು. ಆದುದರಿಂದ ಸ್ವಂತ ಧರ್ಮಪ್ರಾಂತವಿಲ್ಲದ ಸಹಾಯಕ ಬಿಷಪರಿಗೂ ಪೋಪರ ರಾಯಭಾರಿಗಳಿಗೂ ಅಳಿದ ಪೀಠಗಳ ಹೆಸರನ್ನು ಕೊಡುವ ಪದ್ಧತಿ ಬೆಳೆಯಿತು. 1886ರಲ್ಲಿ ಮೈಸೂರು ಪೂರ್ಣ ಧರ್ಮಪ್ರಾಂತವಾಗುವ ಮೊದಲು ಅಲ್ಲಿಯ ಬಿಷಪರು ಧರಿಸಿದ್ದುದೂ ಇಂತಹ ನಾಮಮಾತ್ರ ಪೀಠಗಳನ್ನೇ.

ಇದರಿಂದ ಸ್ಪಷ್ಟವಾಗುವುದೇನೆಂದರೆ, ಪೀಠನಾಮವು ಧರ್ಮಸಭೆಯ ನ್ಯಾಯವಿಧಿಗೆ ಸಾಕ್ಷಿಯೇ ಹೊರತು ಥಮುಗಾದಿಯ ಜನಜೀವನದ ಅವಿಚ್ಛಿನ್ನತೆಗಲ್ಲ. ಅಷ್ಟೇ ಅಲ್ಲ, ಕ್ಯಾಥೊಲಿಕ್ ಪಟ್ಟಿಯಲ್ಲಿ ಉಳಿದ ಈ ಹೆಸರಿಗೆ ಖ್ಯಾತಿ ತಂದ ಬಿಷಪರಿಬ್ಬರೂ ಕ್ಯಾಥೊಲಿಕರ ಪ್ರತಿಪಕ್ಷದವರು. ಹೆಸರು ಉಳಿದಿದೆಯೆಂದು ಅದನ್ನು ಹೊತ್ತವರ ಕಲಹವನ್ನು ಮರೆಯುವುದು ಚರಿತ್ರಕಾರನಿಗೆ ತರವಲ್ಲ.