‘ವೀರ್ಯ’ ಎಂಬ ಪದ ಮತ್ತು ಗಂಡಿನ ಜನನಾಂಗದ ಪಾಠ

ಗಂಡಿನ ಜನನಾಂಗ ವ್ಯೂಹವನ್ನು ಕನ್ನಡದಲ್ಲಿ ಕಲಿಸುವಾಗ ಎದುರಾಗುವ ಮೊದಲ ತೊಡಕು ಅಂಗರಚನೆಯದಲ್ಲ, ಪದದ್ದು. ‘ವೀರ್ಯ’ ಹುಟ್ಟಿದ್ದು ‘ವೀರ’ದಿಂದ, ಶೌರ್ಯ, ಕಸುವು ಅದರ ಮೂಲಾರ್ಥ. ಮುಂದೆ ಅದೇ ಪದ ದ್ರವಕ್ಕೂ ಬಳಕೆಯಾಯಿತು. ಪಾಠದಲ್ಲಿ ಬರುವ ‘ವೀರ್ಯನಾಳ’, ‘ವೀರ್ಯಕೋಶ’ಗಳಲ್ಲಿ ದ್ರವವೂ ಅದರೊಳಗಿನ ಜೀವಕೋಶವೂ ಕಲಸಿಹೋಗಿವೆ. ಇವನ್ನು ಬಿಡಿಸದೆ ಚಿತ್ರದ ಭಾಗಗಳಿಗೆ ಹೆಸರು ಬರೆಸುವುದು ವ್ಯರ್ಥ ಎಂಬುದು ಈ ಲೇಖನದ ವಾದ.

ಹೀಗೆ ಬಿಡಿಸಿ ನೋಡಲು ವಿಜ್ಞಾನಕ್ಕೂ ಬಹುಕಾಲ ಹಿಡಿಯಿತು. ವೃಷಣವೆಂದರೆ ಸೂಕ್ಷ್ಮ ನಾಳಿಕೆಗಳ ಸುರುಳಿ ಎಂದು ಡಚ್ ವೈದ್ಯ ರೆನಿಯರ್ ಡಿ ಗ್ರಾಫ್ 1668ರಲ್ಲಿ ವಿವರಿಸಿದ. 1677ರಲ್ಲಿ ಡೆಲ್ಫ್ಟ್ ಪಟ್ಟಣದ ಲೇವೆನ್‌ಹುಕ್ ತನ್ನ ಮಸೂರದಡಿ ವೀರ್ಯಾಣುಗಳನ್ನು ಕಂಡ. ಆದರೆ ಅವು ದ್ರವದಲ್ಲಿ ಬದುಕುವ ಪರಾವಲಂಬಿಗಳೆಂದೇ ಆಮೇಲೂ ಹಲವರು ನಂಬಿದ್ದರು. ಇಟಲಿಯ ಸ್ಪಲ್ಲಂಜಾನಿ ಗಂಡು ಕಪ್ಪೆಗಳಿಗೆ ಬಿಗಿಯಾದ ಚಡ್ಡಿ ತೊಡಿಸಿ, ದ್ರವ ತಾಗದ ಮೊಟ್ಟೆ ಫಲಿಸುವುದಿಲ್ಲವೆಂದು ಸಾಬೀತು ಮಾಡಿದ. ಅಷ್ಟು ಹತ್ತಿರ ಬಂದವನೂ ವೀರ್ಯಾಣುವಿನ ಪಾತ್ರವನ್ನು ಒಪ್ಪಲಿಲ್ಲ. ಸೋಸಿದ ದ್ರವಕ್ಕೆ ಫಲಗೊಳಿಸುವ ಶಕ್ತಿಯಿಲ್ಲ ಎಂದು 1824ರಲ್ಲಿ ಪ್ರೆವೋ ಮತ್ತು ಡ್ಯೂಮಾ ತೋರಿಸಿದರು. ವೀರ್ಯಾಣು ವೃಷಣದ ಜೀವಕೋಶಗಳಿಂದಲೇ ಹುಟ್ಟುತ್ತದೆಂದು ಕೊಲಿಕರ್ ಸ್ಥಾಪಿಸಿದ್ದು 1841ರಲ್ಲಿ. ಕಂಡದ್ದನ್ನು ಅರಿಯಲು 164 ವರ್ಷ ಬೇಕಾಯಿತು.

ಇಂದು ಲೆಕ್ಕ ಸ್ಪಷ್ಟವಿದೆ. ದೇಹದ ಉಷ್ಣತೆಗಿಂತ 2ರಿಂದ 4 ಡಿಗ್ರಿ ಸೆಲ್ಸಿಯಸ್ ತಂಪಾಗಿರುವ ವೃಷಣದಲ್ಲಿ ಒಂದು ವೀರ್ಯಾಣು ರೂಪುಗೊಳ್ಳಲು ಎರಡು ತಿಂಗಳಿಗೂ ಹೆಚ್ಚು ಕಾಲ ಬೇಕು. ಅದು ಈಜುವ ಬಲ ಪಡೆಯುವುದು ಎಪಿಡಿಡೈಮಿಸ್ ಎಂಬ, ಬಿಚ್ಚಿದರೆ ಸುಮಾರು 6 ಮೀಟರ್ ಉದ್ದವಾಗುವ ಸುರುಳಿ ನಾಳದಲ್ಲಿ. ಆದರೆ ವೀರ್ಯದ್ರವದಲ್ಲಿ ವೃಷಣದ ಪಾಲು ಶೇ. 2ರಿಂದ 5 ಮಾತ್ರ. ಮೂರನೇ ಎರಡರಷ್ಟು ದ್ರವ ವೀರ್ಯಕೋಶಗಳಿಂದ, ಉಳಿದುದರ ಬಹುಪಾಲು ಪ್ರಾಸ್ಟೇಟ್ ಗ್ರಂಥಿಯಿಂದ ಬರುತ್ತದೆ. ‘ವೀರ್ಯಕೋಶ’ ವೀರ್ಯಾಣುಗಳ ಉಗ್ರಾಣವಲ್ಲ, ದ್ರವ ಸ್ರವಿಸುವ ಗ್ರಂಥಿ. ‘ವೀರ್ಯನಾಳ’ದಲ್ಲಿ ಸಾಗುವುದು ವೀರ್ಯವಲ್ಲ, ವೀರ್ಯಾಣು. ಎರಡು ಹೆಸರೂ ದಾರಿ ತಪ್ಪಿಸುತ್ತವೆ.

ಇದು ಬರಿಯ ಪದಚರ್ಚೆಯಾಗಿದ್ದರೆ ಇಷ್ಟು ಬರೆಯಬೇಕಿರಲಿಲ್ಲ. ಆಯುರ್ವೇದದ ಸಪ್ತಧಾತುಗಳಲ್ಲಿ ಶುಕ್ರ, ಅಂದರೆ ವೀರ್ಯ, ಕೊನೆಯದು. ರಸ, ರಕ್ತದಿಂದ ಮೊದಲಾಗಿ ಒಂದರ ಸಾರದಿಂದ ಇನ್ನೊಂದು ಮೂಡುತ್ತದೆಂಬುದು ಆ ಶಾಸ್ತ್ರದ ಕ್ರಮ. ಜನರ ಬಾಯಲ್ಲಿ ಅದು ‘ಇಷ್ಟು ಹನಿ ರಕ್ತಕ್ಕೆ ಒಂದು ಹನಿ ವೀರ್ಯ’ ಎಂಬ ಲೆಕ್ಕವಾಯಿತು. ಸ್ವಪ್ನಸ್ಖಲನವಾದ ಹುಡುಗ ಧಾತು ಹೋಯಿತೆಂದು ಸೊರಗುತ್ತಾನೆ. ಈ ಆತಂಕಕ್ಕೆ ಮನೋವೈದ್ಯ ಎನ್.ಎನ್. ವಿಗ್ 1960ರಲ್ಲಿ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಆ ಹುಡುಗನ ಭಯ ನಿಜವಾದದ್ದು. ಅದನ್ನು ನಕ್ಕು ತಳ್ಳಿಹಾಕುವುದು ಕ್ರೌರ್ಯ.

ಗಂಡಸರ ಸಂತಾನಹರಣ ಚಿಕಿತ್ಸೆಯ ವಿಷಯದಲ್ಲೂ ಇದೇ ಗೊಂದಲ. ನಾಳ ಕತ್ತರಿಸಿದರೆ ಕಸುವು ಹೋಗುತ್ತದೆಂಬ ಅಂಜಿಕೆ ಬಲವಾಗಿದೆ. ನಿಜವಾಗಿ ಗಂಡು ಹಾರ್ಮೋನಾದ ಟೆಸ್ಟೋಸ್ಟಿರಾನ್ ಹೋಗುವುದು ರಕ್ತದ ಮೂಲಕ, ಆ ನಾಳದಿಂದಲ್ಲ. ದ್ರವದ ಪ್ರಮಾಣವೂ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದಲ್ಲಿ ಹೆಂಗಸರ ಸಂತಾನಹರಣದ ಪ್ರಮಾಣ ಶೇ. 37.9, ಗಂಡಸರದು ಶೇ. 0.3. ಇದಕ್ಕೆ ಪದವೊಂದೇ ಕಾರಣವಲ್ಲ. ಆದರೆ ನಮ್ಮ ಕೈಯಲ್ಲಿ ತಿದ್ದಲು ಬರುವುದು ಪದ. ಪಠ್ಯ ಬರೆಯುವವರು ‘ವೀರ್ಯನಾಳ’ ಎಂದಿರುವಲ್ಲಿ ‘ವೀರ್ಯಾಣುನಾಳ’ ಎಂದು ಬರೆಯಲಿ, ‘ವೀರ್ಯಕೋಶ’ವನ್ನು ಗ್ರಂಥಿಯೆಂದು ಕರೆಯಲಿ.