ದೂರಿದವನ ಸೆರೆ

(ಆಕಾಶವಾಣಿಯಲ್ಲಿ ಪ್ರಸಾರವಾದ ಭಾಷಣ)

ಗುಬ್ಬಿಯ ಮಲ್ಲಣಾರ್ಯ 1513ರಲ್ಲಿ ರಚಿಸಿದ ‘ಭಾವಚಿಂತಾರತ್ನ’ದಲ್ಲಿ ಸತ್ಯೇಂದ್ರಚೋಳನೆಂಬ ಅರಸನ ಕಥೆ ಬರುತ್ತದೆ. ಮುಂದೆ ಷಡಕ್ಷರದೇವ ತನ್ನ ‘ರಾಜಶೇಖರವಿಳಾಸ’ಕ್ಕೆ ಆರಿಸಿಕೊಂಡದ್ದೂ ಇದೇ ಕಥೆಯನ್ನು. ರಾಜಕುಮಾರ ನಗರದ ಬೀದಿಯಲ್ಲಿ ಕುದುರೆ ಹಾರಿಸಿಕೊಂಡು ಬರುತ್ತಾನೆ. ಅದರ ಗೊರಸಿಗೆ ಸಿಕ್ಕು ಬಡವಳೊಬ್ಬಳ ಮಗು ಸಾಯುತ್ತದೆ. ತಾಯಿ ತಿರುಕೊಳವಿನಾಚಿ ಅರಮನೆಗೆ ಹೋಗಿ ಅರಮನೆಯ ಮೇಲೆಯೇ ದೂರು ಹೇಳುತ್ತಾಳೆ. ಅರಸ ಮಗನ ಮೋಹವನ್ನು ಬದಿಗೊತ್ತಿ ಅವನಿಗೆ ಮರಣದಂಡನೆ ವಿಧಿಸುತ್ತಾನೆ. ಕೊನೆಗೆ ಶಿವನ ಕೃಪೆಯಾಗುವುದು ಇಂಥ ಕಾವ್ಯಗಳ ಧರ್ಮ. ಆ ಮಾತು ಇರಲಿ.

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ತುಮಕೂರಿನ ತರಗತಿಗಳಲ್ಲಿ ನಾನು ಈ ಭಾಗವನ್ನು ಪಾಠ ಹೇಳಿದ್ದೇನೆ. ಅರಸನ ಸತ್ಯನಿಷ್ಠೆಯನ್ನು ಕೊಂಡಾಡಿದ್ದೇನೆ, ತಾಯಿಯ ಪ್ರಲಾಪದಲ್ಲಿರುವ ಕರುಣರಸವನ್ನು ವಿವರಿಸಿದ್ದೇನೆ. ಆದರೆ ಒಂದು ಸಣ್ಣ ಸಂಗತಿ ನನ್ನ ಗಮನಕ್ಕೆ ಬಂದದ್ದು ಬಹಳ ತಡವಾಗಿ. ಆ ಹೆಂಗಸಿನ ದೂರು ಅರಸನ ಕಿವಿಯವರೆಗೆ ತಲುಪಿತು. ‘ಅರಮನೆಯ ಮೇಲೆ ದೂರು ತಂದವಳು ಇವಳು’ ಎಂದು ಯಾರೂ ಅವಳನ್ನು ಹಿಡಿದು ಕತ್ತಲೆಕೋಣೆಗೆ ತಳ್ಳಲಿಲ್ಲ. ಕಥೆಯ ನ್ಯಾಯವೆಲ್ಲ ನಿಂತಿರುವುದು ಈ ಒಂದು ಸಂಗತಿಯ ಮೇಲೆ. ಇದನ್ನು ನನಗೆ ಕಾಣಿಸಿದವರು ಯಾವ ವಿಮರ್ಶಕರೂ ಅಲ್ಲ. ಗುಬ್ಬಿ ಕುಣಿಗಲ್ಲುಗಳ ನಡುವಣ ಒಂದು ಹಳ್ಳಿಯ ಮಾಜಿ ಸೈನಿಕರು.

1990ರ ಒಂದು ಭಾನುವಾರ ಅವರು ನಮ್ಮ ಮನೆಗೆ ಬಂದರು. ಅವರ ಮಗ ನನ್ನ ವಿದ್ಯಾರ್ಥಿ. ಅವರ ತಾತ ಕುಣಿಗಲ್ಲಿನ ಕುದುರೆ ಫಾರಂನಲ್ಲಿ ದುಡಿದವರಂತೆ. ಟಿಪ್ಪುವಿನ ದಂಡಿಗೆ ಕುದುರೆ ಸಾಕಿದ ಊರು ಕುಣಿಗಲ್ಲು ಎಂಬುದು ನಿಮಗೆಲ್ಲ ತಿಳಿದದ್ದೇ. ಬಂದವರು ಬಟ್ಟೆಯಲ್ಲಿ ಸುತ್ತಿದ್ದ ಒಂದು ಸಣ್ಣ ಪುಸ್ತಕವನ್ನು ಬಿಚ್ಚಿ ನನ್ನ ಮುಂದಿಟ್ಟರು. ಸೈನ್ಯದಿಂದ ಬಿಡುಗಡೆಯಾದಾಗ ಕೊಟ್ಟ ಪುಸ್ತಕ, ಇಂಗ್ಲಿಷಿನಲ್ಲಿತ್ತು.

“ಇದ್ರಲ್ಲಿ ನಾನು ಕಳ್ಳ ಅಂತ ಏನಾದ್ರೂ ಬರ್ದವ್ರಾ ನೋಡಿ ಮೇಷ್ಟ್ರೆ” ಎಂದರು.

ನೋಡಿದೆ. ಹಾಗೇನೂ ಇರಲಿಲ್ಲ. ಇವರ ಸೇವೆ ಇನ್ನು ಬೇಕಾಗಿಲ್ಲ ಎಂದು ಮಾತ್ರ ಬರೆದಿತ್ತು. ಆಮೇಲೆ ನಿಧಾನವಾಗಿ ಕಥೆ ಹೊರಬಂತು. ತಮ್ಮ ತುಕಡಿಯಲ್ಲಿ ಜವಾನರ ಪಡಿತರ ಎಲ್ಲೋ ಸೋರಿಹೋಗುತ್ತಿದೆ ಎಂದು ಅವರು ಮೇಲಿನವರಿಗೆ ನೇರವಾಗಿ ಕಾಗದ ಬರೆದಿದ್ದರು. ಕಾಗದ ತಿರುಗಿ ಯಾರ ಮೇಲೆ ದೂರಿದ್ದರೋ ಅವರ ಮೇಜಿಗೇ ಬಂತು. ಹದಿನಾಲ್ಕು ದಿನ ಕಾವಲುಕೋಣೆ; ಅದಾದ ಒಂದು ವರ್ಷಕ್ಕೆ ಮನೆಯ ದಾರಿ. ಊರಿನಲ್ಲಿ ಅವರು ಏನನ್ನೂ ಹೇಳಿಕೊಳ್ಳಲಿಲ್ಲ. ಊರಿನವರು ತಮಗೆ ತೋಚಿದ್ದನ್ನು ಹೇಳಿಕೊಂಡರು.

“ಕುದ್ರೆ ಕುಂಟಿದ್ರೆ ಗೊರಸು ಎತ್ತಿ ನೋಡ್ತಾರೆ ಮೇಷ್ಟ್ರೆ. ನಾನು ಕುಂಟ್ತಾ ಐತೆ ಅಂದೆ, ನನ್ ಬಾಯಿ ಕಟ್ಟಿದ್ರು” ಎಂದರು.

ನಾನೇನು ಹೇಳಿದೆ? “ಆದದ್ದು ಆಗಿಹೋಯಿತು, ಮಗನನ್ನು ಚೆನ್ನಾಗಿ ಓದಿಸಿ” ಎಂದೆ. ಕಾಫಿ ಕೊಟ್ಟು ಕಳುಹಿಸಿದೆ. ಸೈನ್ಯದ ಒಳಗಿನ ವಿಷಯಕ್ಕೆ ಹೊರಗೆ ನ್ಯಾಯವಿಲ್ಲವೆಂದು ನಾನೂ ನಂಬಿದ್ದೆ. ಅದು ತಪ್ಪು ತಿಳಿವಳಿಕೆ ಎಂಬುದನ್ನು ಹೇಳುವುದಕ್ಕೇ ಈ ಭಾಷಣ.

ಈ ಬಗೆಯ ಕಥೆ ಹಳೆಯದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಮಕ್ಕಳನ್ನು ಕಂಪನಿಯವರು ವೆಲ್ಲೂರು ಕೋಟೆಯಲ್ಲಿಟ್ಟರು. 1805ರ ಕೊನೆಯಲ್ಲಿ ಮದರಾಸು ಸೈನ್ಯಕ್ಕೆ ಹೊಸ ಕಟ್ಟಳೆಗಳು ಬಂದವು: ಹಣೆಗೆ ನಾಮ ವಿಭೂತಿಗಳು ಕೂಡದು, ಗಡ್ಡ ಬೋಳಿಸಬೇಕು, ಹೊಸ ಮಾದರಿಯ ಪೇಟ ತೊಡಬೇಕು. ಆ ಪೇಟದ ತೊಗಲಿನ ತುರಾಯಿ ಹಿಂದೂ ಮುಸಲ್ಮಾನ ಸಿಪಾಯಿಗಳಿಬ್ಬರಿಗೂ ಹೇಸಿಗೆಯ ವಸ್ತು. 1806ರ ಮೇ ತಿಂಗಳಲ್ಲಿ ಆಕ್ಷೇಪಿಸಿದ ಸಿಪಾಯಿಗಳನ್ನು ಬಂಧಿಸಿ ಮದರಾಸಿಗೆ ಒಯ್ದು ವಿಚಾರಿಸಿದರು; ಚಾಟಿಯ ಶಿಕ್ಷೆ ವಿಧಿಸಿದರು. ಬಾಯಿಬಿಟ್ಟು ಹೇಳಿದ್ದಕ್ಕೆ ಬೆನ್ನು ಹರಿಯಿತು. ಉಳಿದವರು ಗುಟ್ಟಾಗಿ ಮಾತನಾಡತೊಡಗಿದರು.

ಜೂನ್ ತಿಂಗಳಲ್ಲಿ ಮುಸ್ತಫಾ ಬೇಗ್ ಎಂಬ ಸಿಪಾಯಿ ತನ್ನ ಪಡೆಯ ಕರ್ನಲ್ ಫೋರ್ಬ್ಸನ ಬಳಿ ಹೋಗಿ, ಕೋಟೆಯಲ್ಲಿ ದಂಗೆಯ ಸಂಚು ನಡೆದಿದೆ ಎಂದು ತಿಳಿಸಿದ. ಫೋರ್ಬ್ಸ್ ವಿಚಾರಣೆಯನ್ನು ಪಡೆಯ ದೇಶೀ ಅಧಿಕಾರಿಗಳಿಗೇ ಒಪ್ಪಿಸಿದ. ಸಂಚಿನಲ್ಲಿ ಕೈಯಿದ್ದವರು ಅವರೊಳಗೇ ಇದ್ದರು. ಇವನಿಗೆ ಹುಚ್ಚು ಎಂದು ಅವರು ತೀರ್ಮಾನ ಕೊಟ್ಟರು. ಮುಸ್ತಫಾ ಬೇಗ್ ಸೆರೆಯಾದ. ಜುಲೈ 10ರ ಬೆಳಗಿನ ಜಾವ ದಂಗೆ ಎದ್ದಿತು. ನೂರಕ್ಕೂ ಹೆಚ್ಚು ಬ್ರಿಟಿಷರು, ಆರ್ಕಾಟಿನಿಂದ ಗಿಲೆಸ್ಪಿಯ ಕುದುರೆ ದಂಡು ಬಂದಮೇಲೆ ಮುನ್ನೂರಕ್ಕೂ ಹೆಚ್ಚು ಸಿಪಾಯಿಗಳು, ಒಂದೇ ದಿನದಲ್ಲಿ ಸತ್ತರು. ಆಮೇಲೆ ಹುಚ್ಚನೆನಿಸಿಕೊಂಡವನಿಗೆ 2,000 ವರಹ ಇನಾಮು, ಸುಬೇದಾರನ ನಿವೃತ್ತಿವೇತನ.

ನಮ್ಮ ಕಣ್ಣಿಗೆ ಮುಸ್ತಫಾ ಬೇಗ್ ಪರಕೀಯರ ಪಕ್ಷದವನಾಗಿ ಕಾಣಬಹುದು. ಅವನನ್ನು ಹೊಗಳುವುದು ನನ್ನ ಉದ್ದೇಶವಲ್ಲ. ನಾನು ತೋರಿಸಬೇಕೆಂದಿರುವುದು ವಿಚಾರಣೆಯ ಕ್ರಮವನ್ನು. ಮೇ ತಿಂಗಳ ಸಿಪಾಯಿಗಳು ಕಟ್ಟಳೆಯ ಮೇಲೆ ದೂರಿದರು. ಕಟ್ಟಳೆ ಮಾಡಿದವರೇ ಅವರನ್ನು ಶಿಕ್ಷಿಸಿದರು. ಜೂನ್ ತಿಂಗಳ ಸಿಪಾಯಿ ಸಂಚುಗಾರರ ಮೇಲೆ ದೂರಿದ. ಸಂಚುಗಾರರೇ ಅವನನ್ನು ವಿಚಾರಿಸಿದರು. ಎರಡೂ ಕಡೆ ದೂರಿದವನು ಸೆರೆಗೆ ಹೋದ, ದೂರಿಗೆ ಗುರಿಯಾದವನು ಪೀಠದ ಮೇಲೆ ಕುಳಿತ.

ಪರದೇಶಗಳಲ್ಲಿಯೂ ಹೀಗೆಯೇ. ಫ್ರಾನ್ಸಿನಲ್ಲಿ ಕ್ಯಾಪ್ಟನ್ ಡ್ರೇಫಸ್ ನಿರಪರಾಧಿ ಎಂಬುದಕ್ಕೆ ಸಾಕ್ಷ್ಯವನ್ನು 1896ರಲ್ಲಿ ಕಂಡುಹಿಡಿದವನು ಸೈನ್ಯದ ಗೂಢಚರ ವಿಭಾಗದ ಮುಖ್ಯಸ್ಥನಾಗಿದ್ದ ಪಿಕಾರ್. ಆತ ಅದನ್ನು ತನ್ನ ಮೇಲಿನ ಜನರಲ್‌ಗಳಿಗೆ ಹೇಳಿದ. ತಪ್ಪು ತೀರ್ಪಿನ ಮಾನ ಕಾಯುತ್ತಿದ್ದವರೂ ಅವರೇ. ಪಿಕಾರನನ್ನು ಟ್ಯುನೀಸಿಯಕ್ಕೆ ಅಟ್ಟಿದರು, 1898ರಲ್ಲಿ ಸೆರೆಯಲ್ಲಿಟ್ಟರು, ಸೈನ್ಯದಿಂದ ಹೊರಹಾಕಿದರು. 1906ರಲ್ಲಿ ಡ್ರೇಫಸನ ನಿರಪರಾಧ ಸ್ಥಿರಪಟ್ಟಿತು. ಅದೇ ವರ್ಷ ಪಿಕಾರ್ ಯುದ್ಧಮಂತ್ರಿಯಾದ. ಸತ್ಯಕ್ಕೆ ಜಯ ಎಂದು ನಾವು ಸಮಾಧಾನಪಡಬಹುದು. ಆದರೆ ನಡುವೆ ಹತ್ತು ವರ್ಷ ಸಂದಿತ್ತು.

ಇನ್ನು ನಮ್ಮ ಸ್ವತಂತ್ರ ಭಾರತದ ಶಾಸನವನ್ನು ನೋಡೋಣ. ಸೈನ್ಯದಲ್ಲಿ ಶಿಸ್ತು ಕೆಡಬಾರದೆಂದು ಸಂವಿಧಾನದ 33ನೆಯ ಅನುಚ್ಛೇದ ಸೈನಿಕರ ಮೂಲಭೂತ ಹಕ್ಕುಗಳನ್ನು ಮಿತಗೊಳಿಸುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. ಸೈನಿಕ ಅನುಮತಿಯಿಲ್ಲದೆ ಪತ್ರಿಕೆಗೆ ಬರೆಯುವಂತಿಲ್ಲ, ಸಂಘ ಕಟ್ಟುವಂತಿಲ್ಲ. ಗಡಿ ಕಾಯುವವರ ಗುಟ್ಟು ಬೀದಿಗೆ ಬರಬಾರದೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಅದೇ ಶಾಸನ ಒಂದು ಬಾಗಿಲನ್ನು ತೆರೆದೂ ಇಟ್ಟಿದೆ. 1950ರ ಸೈನ್ಯ ಅಧಿನಿಯಮದ 26ನೆಯ ಸೆಕ್ಷನ್ ಪ್ರಕಾರ ಅನ್ಯಾಯಕ್ಕೊಳಗಾದ ಜವಾನ ತನ್ನ ಅಧಿಕಾರಿಗೆ ದೂರು ಕೊಡಬಹುದು. ದೂರು ಆ ಅಧಿಕಾರಿಯ ಮೇಲೆಯೇ ಆಗಿದ್ದರೆ ಅವನ ಮೇಲಿನವನಿಗೆ ಕೊಡಬಹುದು. ಬಂಧನಕ್ಕೂ ಎಲ್ಲೆಯಿದೆ. ಆರೋಪವನ್ನು ವಿಚಾರಿಸದೆ ಯಾರನ್ನೂ 48 ಗಂಟೆಗಿಂತ ಹೆಚ್ಚು ಕಾಲ ಇಡಬಾರದು. ಇಟ್ಟರೆ ಕಾರಣವನ್ನು ಮೇಲಕ್ಕೆ ವರದಿ ಮಾಡಬೇಕು. ಕೋರ್ಟ್ ಮಾರ್ಷಲ್ ಕೂಡುವುದು ತಡವಾದರೆ ಎಂಟು ದಿನಕ್ಕೊಮ್ಮೆ ವಿಶೇಷ ವರದಿ ಹೋಗಬೇಕು.

ಹಾಳೆಯ ಮೇಲಿನ ಈ ಮಾತು ಕಾವಲುಕೋಣೆಯಲ್ಲಿ ಏನಾಗುತ್ತದೆ ಎಂಬುದನ್ನು ತೋರಿಸಿದ್ದು ರಂಜಿತ್ ಠಾಕೂರ್ ಎಂಬ ಸಿಗ್ನಲ್‌ಮನ್ ಪ್ರಕರಣ. 1972ರಲ್ಲಿ ಸೈನ್ಯ ಸೇರಿದ ಈತ, ತನ್ನ ಕಮಾಂಡಿಂಗ್ ಅಧಿಕಾರಿ ತನಗೆ ಕಿರುಕುಳ ಕೊಡುತ್ತಿರುವನೆಂದು ಮೇಲಧಿಕಾರಿಗಳಿಗೆ ನೇರವಾಗಿ ಬರೆದ. ಕ್ರಮ ಮೀರಿ ಬರೆದನೆಂದು 28 ದಿನಗಳ ಕಠಿಣ ಸಜೆಯಾಯಿತು. ವಿಧಿಸಿದವನು ಆ ಅಧಿಕಾರಿಯೇ. ಕೈಕೋಳ ತೊಡಿಸಿ ಕಾವಲುಕೋಣೆಯಲ್ಲಿಟ್ಟರು. 1985ರಲ್ಲಿ ಆ ಸಜೆಯನ್ನು ಅನುಭವಿಸುತ್ತಿದ್ದಾಗ ಊಟ ಮಾಡು ಎಂದು ಆಜ್ಞೆಯಾಯಿತು, ಈತ ಉಣ್ಣಲಿಲ್ಲ. ಆಜ್ಞೋಲ್ಲಂಘನೆ ಎಂದು ಮರುದಿನವೇ ಸಮರಿ ಕೋರ್ಟ್ ಮಾರ್ಷಲ್ ಕೂಡಿತು. ಈ ಬಗೆಯ ನ್ಯಾಯಾಲಯದಲ್ಲಿ ಕಮಾಂಡಿಂಗ್ ಅಧಿಕಾರಿಯೇ ನ್ಯಾಯಾಧೀಶ. ಒಂದು ವರ್ಷದ ಕಠಿಣ ಸಜೆ, ಸೇವೆಯಿಂದ ವಜಾ. ಸಮರಿ ಕೋರ್ಟ್ ಮಾರ್ಷಲ್ ಕೊಡಬಹುದಾದ ಸಜೆಯ ತುತ್ತತುದಿ ಅದು. ಅನ್ನ ಉಣ್ಣದಿದ್ದುದಕ್ಕೆ!

ಹೈಕೋರ್ಟು ಅರ್ಜಿಯನ್ನು ತಳ್ಳಿಹಾಕಿತು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. 1987ರ ಅಕ್ಟೋಬರ್ ತಿಂಗಳಲ್ಲಿ ತೀರ್ಪು ಬರೆದವರು ನಮ್ಮವರೇ ಆದ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯನವರು. ಬೆಂಗಳೂರಿನಲ್ಲಿ ವಕೀಲರಾಗಿದ್ದು, ಕರ್ನಾಟಕ ಹೈಕೋರ್ಟಿನ ಪೀಠದಲ್ಲಿ ಹನ್ನೆರಡು ವರ್ಷ ಕುಳಿತು, ಆ ತಿಂಗಳಷ್ಟೇ ದೆಹಲಿಗೆ ಹೋಗಿದ್ದರು. ಆರೋಪಿಯನ್ನು ‘ಈ ಪೀಠದಲ್ಲಿ ಕುಳಿತವರ ಬಗೆಗೆ ನಿನಗೆ ಆಕ್ಷೇಪಣೆಯುಂಟೆ?’ ಎಂದು ಕೇಳಬೇಕು, ಇಲ್ಲಿ ಕೇಳಿರಲಿಲ್ಲ. ಅದನ್ನು ಅವರು ಮೂಲಕ್ಕೇ ತಗುಲಿದ ದೋಷವೆಂದು ಕಂಡರು. ಪಕ್ಷಪಾತವನ್ನು ಅಳೆಯುವಾಗ ನ್ಯಾಯಾಧೀಶ ತನ್ನ ಎದೆ ಮುಟ್ಟಿಕೊಂಡು ‘ನಾನು ನಿಷ್ಪಕ್ಷಪಾತಿ’ ಎಂದುಕೊಂಡರೆ ಸಾಲದು. ಎದುರಿಗೆ ನಿಂತವನ ಮನಸ್ಸಿನಲ್ಲಿ ಎಂಥ ಅಂಜಿಕೆ ಹುಟ್ಟುತ್ತದೆ ಎಂಬುದನ್ನು ನೋಡಬೇಕು ಎಂಬುದು ಅವರ ವಿಚಾರ. ಅಪರಾಧಕ್ಕೂ ಶಿಕ್ಷೆಗೂ ಹೊಂದಿಕೆ ಬೇಕು. ಅಂತಃಸಾಕ್ಷಿ ಬೆಚ್ಚಿಬೀಳುವಂಥ ಶಿಕ್ಷೆ ನಿಲ್ಲಲಾರದು ಎಂದರು. ಕೋರ್ಟ್ ಮಾರ್ಷಲ್ ನಡವಳಿ ರದ್ದಾಯಿತು. ಜವಾನನನ್ನು ಎಲ್ಲ ಸಂಬಳ ಸವಲತ್ತುಗಳೊಡನೆ ಮತ್ತೆ ಸೇವೆಗೆ ತೆಗೆದುಕೊಳ್ಳಬೇಕೆಂದು ಆಜ್ಞೆಯಾಯಿತು. ಶಿಕ್ಷೆಯ ಪ್ರಮಾಣ ಕುರಿತು ದೇಶದ ನ್ಯಾಯಾಲಯಗಳು ಇಂದಿಗೂ ನೆನೆಯುವ ತೀರ್ಪು ಇದು.

ಗುಬ್ಬಿಯ ಕವಿ ಕಥೆಯಾಗಿ ಹೇಳಿದ್ದನ್ನೇ ಇಲ್ಲಿ ನ್ಯಾಯಾಧೀಶರು ವಿಧಿಯಾಗಿ ಹೇಳಿದರೆಂದು ನನಗೆ ತೋರುತ್ತದೆ. ಒಂದು ವ್ಯತ್ಯಾಸ ಮಾತ್ರ ಉಂಟು. ಸತ್ಯೇಂದ್ರಚೋಳ ತನ್ನ ಮನೆಯ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಿಯೂ ಧರ್ಮ ತಪ್ಪಲಿಲ್ಲ. ಅಂಥವರು ಕಾವ್ಯದಲ್ಲಿ ಸಿಗುತ್ತಾರೆ. ಶಾಸನವನ್ನು ಸತ್ಯೇಂದ್ರಚೋಳನನ್ನು ನೆಚ್ಚಿಕೊಂಡು ಬರೆಯಲಾಗದು. ಸಾಮಾನ್ಯ ಮನುಷ್ಯನ ಸಿಟ್ಟು ಸೆಡವುಗಳನ್ನು ಕಣ್ಣಮುಂದಿಟ್ಟುಕೊಂಡು ಬರೆಯಬೇಕು.

ನಿಜವಾಗಿಯೂ ಗುಟ್ಟನ್ನು ಹೊರಗೆಡಹಿದವರ ಗತಿಯೇನು ಎಂದು ನೀವು ಕೇಳಬಹುದು. ಅಮೆರಿಕದ ಸೈನಿಕರಾದ ಮ್ಯಾನಿಂಗ್ ಅವರು ಲಕ್ಷಗಟ್ಟಲೆ ರಹಸ್ಯ ಕಡತಗಳನ್ನು ಹೊರಗೆ ಕೊಟ್ಟು 2010ರಲ್ಲಿ ಬಂಧಿತರಾದರು. ವಿಚಾರಣೆಗೆ ಮುಂಚೆ ತಿಂಗಳುಗಟ್ಟಲೆ ಅವರನ್ನು ದಿನದ 23 ಗಂಟೆ ಒಂಟಿ ಕೋಣೆಯಲ್ಲಿಟ್ಟರು. ಕೆಲವು ರಾತ್ರಿ ಉಡುಪನ್ನೂ ಕಸಿದುಕೊಂಡರು. ಇದು ಅಕ್ರಮವೆಂದು ಅವರ ಸೈನಿಕ ನ್ಯಾಯಾಧೀಶರೇ 2013ರಲ್ಲಿ ತೀರ್ಮಾನಿಸಿ, ಮುಂದೆ ಬರುವ ಶಿಕ್ಷೆಯಲ್ಲಿ 112 ದಿನ ಕಳೆಯಬೇಕೆಂದರು. ಅದೇ ವರ್ಷ 35 ವರ್ಷಗಳ ಸಜೆಯಾಯಿತು. ಅಧ್ಯಕ್ಷ ಒಬಾಮಾ ಅದನ್ನು ಇಳಿಸಿದ ಮೇಲೆ 2017ರಲ್ಲಿ ಬಿಡುಗಡೆಯಾಯಿತು. ಮ್ಯಾನಿಂಗ್ ಮಾಡಿದ್ದು ಸರಿಯೇ ತಪ್ಪೇ ಎಂಬುದರಲ್ಲಿ ಭಿನ್ನಾಭಿಪ್ರಾಯ ಉಂಟು, ಇರಲಿ. ಆದರೆ ತಪ್ಪು ಮಾಡಿದರೆ ಎಂಬುದು ಒಂದು ಪ್ರಶ್ನೆ. ಸೆರೆಯಲ್ಲಿ ಹೇಗೆ ನಡೆಸಿಕೊಂಡರು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸಿಗುವ ಮುನ್ನವೇ ಎರಡನೆಯದಕ್ಕೆ ಉತ್ತರ ಹೇಳಬೇಕಾದದ್ದು ಸೆರೆಯಲ್ಲಿಟ್ಟವರ ಹೊಣೆ.

ನಮ್ಮಲ್ಲಿ ದಾರಿ ಸ್ವಲ್ಪ ಅಗಲವಾಗಿದೆ. ಕೋರ್ಟ್ ಮಾರ್ಷಲ್ ತೀರ್ಪಿನ ಮೇಲೆ ಒಂದು ಅಪೀಲೂ ಇಲ್ಲದಿರುವುದು ದೊಡ್ಡ ಕೊರತೆಯೆಂದು ಪೃಥ್ವಿಪಾಲ್ ಸಿಂಗ್ ಬೇಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1982ರಲ್ಲೇ ಹೇಳಿತ್ತು. ಕಾಲು ಶತಮಾನದ ಮೇಲೆ, 2007ರಲ್ಲಿ, ಸಶಸ್ತ್ರ ಪಡೆಗಳ ನ್ಯಾಯಮಂಡಲಿಯ ಶಾಸನವಾಯಿತು. 2009ರಲ್ಲಿ ಅದು ಕೆಲಸ ಆರಂಭಿಸಿತು. ಸೈನಿಕ ಬಂಧನದಲ್ಲಿರುವವನಿಗೆ ಜಾಮೀನು ಕೊಡುವ ಅಧಿಕಾರವೂ ಅದಕ್ಕುಂಟು. ಸಮರಿ ಕೋರ್ಟ್ ಮಾರ್ಷಲ್ ಎಂಬುದು ತುರ್ತಿನ ಅಪವಾದವೇ ಹೊರತು ನಿತ್ಯದ ಪರಿಪಾಠವಲ್ಲ ಎಂದು ಸುಪ್ರೀಂ ಕೋರ್ಟು 2016ರಲ್ಲಿ ಎಚ್ಚರಿಸಿತು. ಆದರೂ ಒಂದು ಮಿತಿ ಉಳಿದಿದೆ. ಸಮರಿ ಕೋರ್ಟ್ ಮಾರ್ಷಲ್ ವಜಾ ಮಾಡಿದರೆ, ಇಲ್ಲವೆ ಮೂರು ತಿಂಗಳಿಗೆ ಮೀರಿದ ಸಜೆ ಕೊಟ್ಟರೆ ಮಾತ್ರ ಆ ಪ್ರಕರಣ ನ್ಯಾಯಮಂಡಲಿಗೆ ಹೋಗುತ್ತದೆ. ಭ್ರಷ್ಟಾಚಾರವನ್ನು ಬಯಲಿಗೆಳೆದವರ ರಕ್ಷಣೆಗೆಂದು ಸಂಸತ್ತು 2014ರಲ್ಲಿ ಒಪ್ಪಿದ ಶಾಸನವಂತೂ, ಜಾರಿಯ ದಿನ ಗೊತ್ತಾಗದೆ ವರ್ಷಗಟ್ಟಲೆ ಕಾಗದದ ಮೇಲೆಯೇ ಕುಳಿತಿತು.

ಆ ಹಿರಿಯರು ನಮ್ಮ ಮನೆಗೆ ಬಂದಾಗ ವೆಂಕಟಾಚಲಯ್ಯನವರ ತೀರ್ಪು ಹೊರಬಿದ್ದು ಮೂರು ವರ್ಷವಾಗಿತ್ತು. ನನಗೆ ಅದು ಗೊತ್ತಿರಲಿಲ್ಲ. ತುಮಕೂರಿನ ನ್ಯಾಯಾಲಯದ ಮುಂದೆ ದಿನವೂ ಓಡಾಡುತ್ತಿದ್ದವನು ನಾನು. ಒಬ್ಬ ವಕೀಲರನ್ನು ಕೇಳಿದ್ದರೂ ಸಾಕಿತ್ತು. ಅವರಿಗೆ ನ್ಯಾಯ ಸಿಗುತ್ತಿತ್ತೆಂದು ಹೇಳಲಾರೆ. ಕೇಳುವ ದಾರಿಯಾದರೂ ಇತ್ತು. ನಾನು ತೀರ್ಪನ್ನು ಓದುವ ಹೊತ್ತಿಗೆ ಅವರು ತೀರಿಕೊಂಡಿದ್ದರು. ಮಗನಿಗೆ ವಿಷಯ ಹೇಳಿದಾಗ ಆತ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, “ಅಪ್ಪ ಮನೇಲಿ ಯಾವತ್ತೂ ಸೈನ್ಯದ ಬಗ್ಗೆ ಕೆಟ್ಟದ್ದು ಆಡಲಿಲ್ಲ ಸಾರ್” ಎಂದ.

ಅಂದು ಪುಸ್ತಕವನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಳ್ಳುತ್ತ ಆ ಹಿರಿಯರು ಕೇಳಿದ ಕೊನೆಯ ಮಾತು ನನಗೆ ಈಗಲೂ ನೆನಪಿದೆ.

“ಹಂಗಾದ್ರೆ ನಾನು ಬರ್ದಿದ್ದು ಸುಳ್ಳು ಅಂತ ಇದ್ರಲ್ಲಿ ಎಲ್ಲೂ ಇಲ್ಲ, ಅಲ್ವಾ ಮೇಷ್ಟ್ರೆ?”

ಇಲ್ಲ ಎಂದಿದ್ದೆ. ಅಷ್ಟಕ್ಕೇ ಅವರ ಮುಖ ಅರಳಿತ್ತು.