ವೇದಿಕೆಯ ವಿದ್ಯುತ್ತಿಗೆ ಕಾವಲು

ವೇದಿಕೆಯ ವಾದ್ಯಗಳನ್ನು ಕೆಟ್ಟ ವಿದ್ಯುತ್ತಿನಿಂದ ಕಾಯುವ ಪವರ್ ಕಂಡೀಷನರ್ ಎಂಬ ಪೆಟ್ಟಿಗೆ ಸಿಡಿಲಿನ ಭಯಕ್ಕೆ ಹುಟ್ಟಿದ್ದೆಂದು ಹಲವರ ನಂಬಿಕೆ. ಆದರೆ ಅದರ ಬೇರು ಇರುವುದು ಊರೂರು ಸುತ್ತುವ ಸಂಗೀತಗಾರರ ಬದುಕಿನಲ್ಲಿ. ಪ್ರತಿ ರಾತ್ರಿ ಯಾರೋ ಎಳೆದ ವೈರಿಗೆ ತಮ್ಮ ವಾದ್ಯವನ್ನು ಒಪ್ಪಿಸಬೇಕಾದ ಅನಿವಾರ್ಯದಲ್ಲಿ. 1935ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಹ್ಯಾಮಂಡ್ ಆರ್ಗನ್ ಈ ಅವಲಂಬನೆಯನ್ನು ಶ್ರುತಿಯವರೆಗೂ ಒಯ್ದಿತು. ಅದರ ಮೋಟಾರು ಸರಬರಾಜಿನ ಆವರ್ತನಕ್ಕೆ ತಕ್ಕಂತೆಯೇ ತಿರುಗುತ್ತದೆ. 60 ಹರ್ಟ್ಸ್‌ಗೆ ಮಾಡಿದ ಆರ್ಗನ್ನನ್ನು 50 ಹರ್ಟ್ಸ್ ವಿದ್ಯುತ್ತಿನಲ್ಲಿ ನುಡಿಸಿದರೆ, ಷಡ್ಜಕ್ಕೂ ಕೋಮಲ ಗಾಂಧಾರಕ್ಕೂ ಇರುವಷ್ಟು ಅಂತರ ಶ್ರುತಿ ಕೆಳಗಿಳಿಯುತ್ತದೆ. ಅಷ್ಟು ಹೊತ್ತಿಗೆ ವಿದ್ಯುತ್ತು ತಂಬೂರಿಯ ಸ್ಥಾನದಲ್ಲೇ ಕುಳಿತಿತ್ತು!

ಶ್ರುತಿ ತಪ್ಪಿದರೆ ಕಛೇರಿ ಕೆಡುತ್ತದೆ, ಅರ್ಥಿಂಗ್ ತಪ್ಪಿದರೆ ಜೀವವೇ ಹೋಗುತ್ತದೆ. ‘ಸ್ಟೋನ್ ದಿ ಕ್ರೋಸ್’ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ 1972ರ ಮೇ ತಿಂಗಳಲ್ಲಿ, ವೇಲ್ಸ್‌ನ ಸ್ವಾನ್ಸೀ ಊರಿನ ವೇದಿಕೆಯಲ್ಲಿ, ಅರ್ಥಿಂಗ್ ಇಲ್ಲದ ಮೈಕ್ ಮುಟ್ಟಿ ತೀರಿಕೊಂಡರು. ಇನ್ನು ಕಂಡೀಷನರಿನ ವಿಷಯಕ್ಕೆ ಬಂದರೆ, ಅಮೆರಿಕದಲ್ಲಿ ಜಿಮ್ ಫರ್ಮನ್ ಎಂಬವರು 1974ರಲ್ಲಿ ಕಟ್ಟಿದ ಕಂಪನಿ ಮುಂದೆ ಪವರ್ ಕಂಡೀಷನರುಗಳಿಗೇ ಹೆಸರಾಯಿತು. ಸುತ್ತಾಟದ ತಂಡಗಳ ಸಾಮಾನಿನಲ್ಲಿ ಈ ಪೆಟ್ಟಿಗೆ ಕಾಯಂ ಜಾಗ ಪಡೆಯಿತು.

ಈಗಿನ ಕೀಬೋರ್ಡು, ಮಿಕ್ಸರುಗಳಲ್ಲಿ ಅನೇಕವು 100ರಿಂದ 240 ವೋಲ್ಟ್‌ವರೆಗೆ ತಾವೇ ಹೊಂದಿಕೊಳ್ಳುತ್ತವೆ, ಮತ್ತೇಕೆ ಈ ಖರ್ಚು ಎಂಬ ಆಕ್ಷೇಪ ನ್ಯಾಯವಾದದ್ದೇ. ಸಣ್ಣಪುಟ್ಟ ಏರಿಳಿತಕ್ಕೆ ಆ ಮಾತು ಸಲ್ಲುತ್ತದೆ. ಆದರೆ ನಮ್ಮ ಜಾತ್ರೆ, ಗಣೇಶೋತ್ಸವಗಳ ವೇದಿಕೆಗೆ ಸಾಮಾನ್ಯವಾಗಿ ಬರುವುದು ಮೂರು ಫೇಸಿನ ಜನರೇಟರು ಅಥವಾ ತಾತ್ಕಾಲಿಕ ಲೈನು. ಅಲ್ಲಿ ನ್ಯೂಟ್ರಲ್ ತಂತಿ ಸಡಿಲವಾಗಿ ಕಳಚಿತೆಂದರೆ, 230 ವೋಲ್ಟ್ ಇರಬೇಕಾದಲ್ಲಿ 400ರ ಹತ್ತಿರಕ್ಕೆ ಏರಬಹುದು. ಅದನ್ನು ತಡೆಯುವ ಶಕ್ತಿ ಕೀಬೋರ್ಡಿಗಿಲ್ಲ. ಕ್ಷಣಮಾತ್ರದ ಉಬ್ಬರವನ್ನು ನುಂಗುವ ಬಿಡಿಭಾಗವಷ್ಟೇ ಇರುವ ಅಗ್ಗದ ಪೆಟ್ಟಿಗೆಗೂ ಇಲ್ಲ. ಉಬ್ಬರ ನಿಂತೇ ಬಿಟ್ಟರೆ ಆ ಬಿಡಿಭಾಗವೇ ಸುಟ್ಟುಹೋಗುತ್ತದೆ. ವೋಲ್ಟೇಜು ಮಿತಿ ಮೀರಿದೊಡನೆ ಸಂಪರ್ಕ ಕಡಿಯುವ ಕಂಡೀಷನರ್ ಮಾತ್ರ ಇಲ್ಲಿ ಕೆಲಸಕ್ಕೆ ಬರುತ್ತದೆ.

ಹಾಗೆಂದು ಯಾವ ಕಂಡೀಷನರೂ ಇಲ್ಲದ ಅರ್ಥಿಂಗನ್ನು ತಂದುಕೊಡಲಾರದು. ಸ್ವಾನ್ಸೀಯಲ್ಲಿ ಜೀವ ತೆಗೆದ ದೋಷವನ್ನು ಈ ಪೆಟ್ಟಿಗೆಯೊಂದೇ ಸರಿಪಡಿಸುತ್ತಿರಲಿಲ್ಲ. ಆದ್ದರಿಂದ ಸಂಘಟಕರಲ್ಲಿ ಕೇಳಿಕೊಳ್ಳುವುದಿಷ್ಟೆ: ಕಲಾವಿದರು ವಾದ್ಯ ಜೋಡಿಸುವ ಮೊದಲು, ತಿಳಿದ ಎಲೆಕ್ಟ್ರಿಷಿಯನ್ನರಿಂದ ನ್ಯೂಟ್ರಲ್ಲನ್ನೂ ಅರ್ಥಿಂಗನ್ನೂ ಪರೀಕ್ಷೆ ಮಾಡಿಸಿ.